ಗುಡಿಸದ ಹಿತ್ತಲು

ನಮ್ಮ ಊರಿನಲ್ಲಿ ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮಾರನೆಯ ದಿನ ಯಾರೂ ಹೊರಗೆ ಬಟ್ಟೆ ಒಣಹಾಕುವುದಿಲ್ಲ. ಅಂದು ಮರಗಳು ನಡೆಯುತ್ತವೆ. ಬಿಸಿಲು ಸ್ವಲ್ಪ ಏರಿದ ಮೇಲೆ ಹೊರಟು, ಹಳ್ಳ ದಾಟುವ ಹೆಂಗಸರು ಸೀರೆಯ ನೆರಿಗೆ ಎತ್ತಿಕೊಳ್ಳುವಂತೆ ಬೇರುಗಳನ್ನು ಎತ್ತಿಕೊಂಡು, ಹೊಟ್ಟೆ ತುಂಬಿದ ಎಮ್ಮೆಯ ನಡಿಗೆಯಲ್ಲಿ ಓಣಿ ಓಣಿ ತಿರುಗಿ, ಹೊತ್ತು ಮುಳುಗುವಾಗ ಎಲ್ಲಿರುತ್ತವೋ ಅಲ್ಲೇ ಬೇರೂರಿಬಿಡುತ್ತವೆ. ಮುಂದಿನ ಮುಂಗಾರಿನವರೆಗೆ ಕದಲುವುದಿಲ್ಲ. ಮರ ಯಾರ ಹಿತ್ತಲಿನಲ್ಲಿ ನಿಂತಿತೋ ಆ ವರ್ಷದ ಕಾಯಿ, ಹೂವು, ನೆರಳು, ಕಾಗೆಗಳ ಗದ್ದಲ ಎಲ್ಲ ಅವರದೇ. ಕರೆಯಬಾರದು, ಕಟ್ಟಬಾರದು, ತಳ್ಳಬಾರದು. ಒಳಗೆ ಬಂದರೆ ಒಂದು ಕೊಡ ನೀರು ಹಾಕಿ ಪಕ್ಕಕ್ಕೆ ಸರಿದು ನಿಲ್ಲಬೇಕು. ಊರಿಗೆ ಊರೇ ತಪ್ಪದೆ ಪಾಲಿಸುವ ಕಾನೂನು ಇದೊಂದೇ. ಆ ದಿನಕ್ಕೆ ನಾವು ಮರನಡೆ ಎನ್ನುತ್ತೇವೆ.

ಅದಕ್ಕೆ ತಕ್ಕ ಹಾಗೆ ನಮ್ಮ ಬದುಕೂ ಹೊಂದಿಕೊಂಡಿದೆ. ಗೇಟುಗಳು ಅಗಲವಾಗಿವೆ, ಮೇಲೆ ಕಮಾನು ಇರುವುದಿಲ್ಲ. ಕರೆಂಟಿನ ತಂತಿ ನೆಲದೊಳಗೆ ಓಡುತ್ತದೆ. ಬೇವಿನ ಮರದ ಎದುರು ಮನೆ ಎಂದು ಯಾರೂ ಯಾರಿಗೂ ಗುರುತು ಹೇಳುವುದಿಲ್ಲ. ಜೋಕಾಲಿ ಕಟ್ಟಿದ ಮಕ್ಕಳು ಮರನಡೆಯ ಮರುದಿನ ತಮ್ಮ ಜೋಕಾಲಿ ಹುಡುಕಿಕೊಂಡು ಬೇರೆ ಓಣಿಗೆ ಹೋಗುತ್ತಾರೆ, ಅಲ್ಲಿ ಮೊದಲು ಜಗಳ, ಆಮೇಲೆ ಗೆಳೆತನ. ನನ್ನ ಮದುವೆಯ ಹಂದರವನ್ನಂತೂ ಒಂದು ಹೊಂಗೆ ಮರ ತಲೆಯ ಮೇಲೆ ಹೊತ್ತುಕೊಂಡು ಹೊರಟೇಬಿಟ್ಟಿತು. ಬೀಗರು, ಅಯ್ಯನವರು, ವಾಲಗದವರು ಎಲ್ಲ ಅದರ ಹಿಂದೆ ನಡೆದರು. ಅಂಚೆ ಕಚೇರಿಯ ಮುಂದೆ ಅದು ಸ್ವಲ್ಪ ದಣಿವಾರಿಸಿಕೊಳ್ಳಲು ನಿಂತಾಗ ಅಲ್ಲೇ ಅವಸರವಸರವಾಗಿ ತಾಳಿ ಕಟ್ಟಿಸಿದರು. ಪೋಸ್ಟ್‌ಮಾಸ್ತರು ಕಿಟಕಿಯೊಳಗಿಂದಲೇ ಅಕ್ಷತೆ ಹಾಕಿದರು.

ನಾನು ಕಸ್ತೂರೆವ್ವ. ಉಪ್ಪಿನಕಾಯಿ ಹಾಕಿ ಮಾರುವುದು ನನ್ನ ಕಸುಬು. ಗಂಡನದು ಹಿಟ್ಟಿನ ಗಿರಣಿ. ಆ ಸದ್ದಿನಲ್ಲಿ ಕೂತು ಕೂತು ಅವನಿಗೆ ಮಾತಿನ ಮೇಲೆ ನಂಬಿಕೆಯೇ ಹೊರಟುಹೋಗಿದೆ, ತಲೆ ಅಲ್ಲಾಡಿಸಿ ಸಂಸಾರ ಮಾಡುತ್ತಾನೆ. ಮನೆಯಲ್ಲಿ ಮಾತಿಗೆ ಬರವಾಗದಂತೆ ನೋಡಿಕೊಳ್ಳುವವರು ನನ್ನ ಅತ್ತೆ ಸತ್ಯವ್ವ. ಯಾವ ಮರ ಹಿತ್ತಲಿಗೆ ಬಂದರೆ ಆ ವರ್ಷ ಆ ಉಪ್ಪಿನಕಾಯಿ. ನೆಲ್ಲಿ ಬಂದ ವರ್ಷ ನೆಲ್ಲಿಕಾಯಿ, ಮಾವು ಬಂದ ವರ್ಷ ಮಿಡಿ, ಒಮ್ಮೆ ಬರೀ ನುಗ್ಗೆ ಬಂದು ನಿಂತಾಗ ಅದರದ್ದೂ ಹಾಕಿದೆ. ಜನ ಮುಖ ಸಿಂಡರಿಸಿಕೊಂಡೇ ಖಾಲಿ ಮಾಡಿದರು.

ಆದರೆ ಕೆಲವು ವರ್ಷಗಳಿಂದ ಮರಗಳು ಊರೊಳಗೆ ಬರುತ್ತಿದ್ದವು, ನಿಲ್ಲುತ್ತಿರಲಿಲ್ಲ. ಒಂದೊಂದು ಗೇಟಿನಲ್ಲೂ ಇಣುಕಿದ ಹಾಗೆ ಮಾಡಿ, ಕೊಂಬೆ ಅಲ್ಲಾಡಿಸಿ, ಮುಂದೆ ಹೋಗಿ, ಹಳ್ಳ ದಾಟಿ, ಆಚೆಯ ಹಳೇ ತೋಪಿನಲ್ಲಿ ನಿಂತುಬಿಡುತ್ತಿದ್ದವು. ಅಲ್ಲಿ ಸಂತೆಯ ದಿನದ ಬಸ್ಸಿನಂತೆ ಒಂದರ ಕಂಕುಳಲ್ಲಿ ಒಂದು ತೂರಿಕೊಂಡು ನಿಂತರೂ ಸರಿ, ನಮ್ಮ ಹಿತ್ತಲು ಬೇಡ. ನಮಗೆ ಅವಮಾನವಾಯಿತು. ಬರುವವರಿಗೆ ಮನೆ ಚೊಕ್ಕಟ ಕಾಣಬೇಕು ಎಂದು, ಮೊದಲೇ ಗುಡಿಸಿ ಗುಡಿಸಿ ಗಟ್ಟಿಯಾಗಿದ್ದ ಹಿತ್ತಲಿಗೆ ಎಲ್ಲರೂ ಸಿಮೆಂಟನ್ನೂ ಹಾಕಿಸಿದೆವು. ಬಿದ್ದ ಎಲೆ ನೆಲ ಮುಟ್ಟುವ ಮೊದಲೇ ಗುಡಿಸಿ ಸುಟ್ಟೆವು. ಒಬ್ಬರು ಬಣ್ಣದ ದೀಪ ಹಾಕಿದರು. ಇನ್ನೊಬ್ಬರು ಗೇಟಿಗೆ ಮೈಕು ಕಟ್ಟಿ, ನಾವೇನು ಮರ ಕರಿಯಾಕತ್ತಿಲ್ಲ, ನಮ್ಮ ಖುಷಿಗೆ ಹಾಡು ಹಚ್ಚೀವಿ ಎಂದು ವಾದ ಮಾಡಿದರು. ನಮ್ಮ ಅತ್ತೆಯವರು ಸಿಮೆಂಟನ್ನು ದಿನಾ ತಿಕ್ಕಿ ತಿಕ್ಕಿ ಎಷ್ಟು ನುಣುಪು ಮಾಡಿದ್ದರೆಂದರೆ ಬೆಕ್ಕು ಜಾರಿ ಬೀಳುತ್ತಿತ್ತು. ಮರ ಮಾತ್ರ ಬರಲಿಲ್ಲ. ನಾನು ಸಂತೆಯಿಂದ ಕಾಯಿ ಕೊಂಡು ತಂದು ಉಪ್ಪಿನಕಾಯಿ ಹಾಕತೊಡಗಿದೆ, ಬೇರೆಯವರ ಮಗುವಿಗೆ ಕುಲಾವಿ ಹೊಲಿದ ಹಾಗೆ.

ಹೆಚ್ಚು ನೋವಾದದ್ದು ಅಡಿವೆಪ್ಪ ಸಾವ್ಕಾರರಿಗೆ. ಅವರು ಪುರಸಭೆಯ ಅಧ್ಯಕ್ಷರು, ದೊಡ್ಡ ಮನೆ, ದೊಡ್ಡ ದನಿ. ಅವರ ತಂದೆಯ ಕಾಲದಿಂದ ಒಂದು ಹುಣಸೆ ಮರ ಪ್ರತಿ ವರ್ಷ ಊರೆಲ್ಲ ಸುತ್ತಿ ಕೊನೆಗೆ ಅವರ ಹಿತ್ತಲಿಗೇ ಬಂದು ನಿಲ್ಲುತ್ತಿತ್ತು. ಒಂದು ವರ್ಷ ಅದೂ ಅವರ ಗೇಟಿನ ಮುಂದೆ ಹಾದು ಹಳ್ಳದ ಕಡೆ ನಡೆದುಬಿಟ್ಟಿತು. ಸಾವ್ಕಾರರು ನೀರಿನ ಕೊಡ ಹಿಡಿದುಕೊಂಡು ಸಂಜೆಯವರೆಗೆ ಗೇಟಿನಲ್ಲೇ ನಿಂತಿದ್ದರು. ಕೊಡ ಇಳಿಸಿ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಮರುವಾರವೇ ಅವರು ಸಭೆ ಕರೆದರು. "ಈ ತಿರುಗಾಡೋ ಮರದ ಸಾವಾಸ ಸಾಕಿನ್ನ," ಎಂದರು. "ಊರ ಹಿಂದ ಗುಡ್ಡ ಖಾಲಿ ಬಿದ್ದೈತಿ. ಬರೇ ಹುಲ್ಲು. ಅದನ್ನ ಉಳಿಸಿಕೊಂಡು ಏನು ಮಾಡೂದೈತಿ? ನೇಗಿಲ ಹೊಡದು ಪೂರಾ ನೀಲಗಿರಿ ಹಚ್ಚೂಣು. ಹಚ್ಚಿದಲ್ಲೇ ನಿಲ್ತಾವ. ಹೇಳಿದ ಮಾತು ಕೇಳೋ ಮರ ಬೇಕು ನಮಗ."

ಎಲ್ಲರೂ ತಲೆಯಾಡಿಸಿದೆವು. ನಾನೂ ಆಡಿಸಿದೆ. ಬಿಟ್ಟುಹೋದವರ ಮೇಲಿನ ಸಿಟ್ಟಿನಲ್ಲಿ ಯಾವ ಮಾತೂ ಸರಿಯಾಗಿಯೇ ಕೇಳಿಸುತ್ತದೆ.

ಆಗ ಹಿಂದಿನ ಬೆಂಚಿನಿಂದ ಶಮೀನಾ ಮೇಡಂ ಎದ್ದು ನಿಂತರು. ಶಮೀನಾ ಮುಲ್ಲಾ, ಮಣ್ಣು ಮತ್ತು ಮರಗಳ ಮೇಲೆ ಸಂಶೋಧನೆ ಮಾಡುವವರು. ಆ ವರ್ಷದ ಮರನಡೆಗೆ ಮೊದಲ ಸಲ ಬಂದು, ಒಂದು ನೇರಳೆ ಮರದ ಹಿಂದೆ ಕತ್ತು ಮೇಲೆತ್ತಿಕೊಂಡು ನಡೆದು ಗಟಾರಕ್ಕೆ ಬಿದ್ದು, ಗಟಾರದೊಳಗೆ ಕೂತೇ ಸಂತೋಷದಿಂದ ನಗುತ್ತಿದ್ದರು. ಊರು ಅವರನ್ನು ಇಷ್ಟಪಟ್ಟದ್ದು ಅವತ್ತೇ. ನಮ್ಮ ಪಕ್ಕದ ಮನೆಯಲ್ಲೇ ಬಾಡಿಗೆಗೆ ಇದ್ದರು.

"ಗುಡ್ಡ ಖಾಲಿ ಇಲ್ಲ ಸಾವ್ಕಾರ್ರ," ಎಂದರು ಮೇಡಂ. "ಅದು ಹುಲ್ಲಿನ ಮನಿ. ಮರಗಳಿಗೆ ಅದು ಗೊತ್ತದ. ಊರೆಲ್ಲ ತುಳಕೊಂಡು ಹೋಗ್ತಾವ, ಗುಡ್ಡ ಬಂದ್ರ ಸುತ್ತ ಹಾಕಿ ಹೋಗ್ತಾವ, ನೋಡೀರಿ? ಅಲ್ಲಿ ಬಿದ್ದ ಮಳಿನ ಹುಲ್ಲು ಹಿಡಕೊಂಡು ಸಾವಕಾಶ ನಿಮ್ಮ ಬಾವಿಗೆ ಕಳಸತದ. ಅದನ್ನ ಅಗದು ನೀಲಗಿರಿ ಹಚ್ಚಿದ್ರ ಮರ ನಿಲ್ತಾವ, ಖರೇ. ನೀರೂ ನಿಂತುಬಿಡ್ತದ."

"ಮತ್ತ ನಮ್ಮ ಮರ ಯಾಕ ನಿಲ್ಲವಲ್ಲವು? ಅದನ್ನ ಹೇಳ್ರಿ," ಎಂದರು ಸಾವ್ಕಾರರು. ದನಿ ಏನೋ ದೊಡ್ಡದೇ ಇತ್ತು, ಆದರೆ ಕೊನೆಗೆ ಸ್ವಲ್ಪ ಒಡೆಯಿತು.

"ನನಗೊಂದು ಅನುಮಾನ ಅದ. ತೋಪಿನ್ಯಾಗ ಕಾಲಿಟ್ರ ನೆಲ ಮೆತ್ತಗ ಇಳೀತದ. ನಿಮ್ಮ ಹಿತ್ತಲದಾಗ ಕಾಲಿಟ್ರ ಜಾರತದ. ಇದು ಬರೇ ಅನುಮಾನ, ಪರೀಕ್ಷೆ ಮಾಡಬೇಕು. ಒಂದು ವರ್ಷ ಗುಡ್ಡ ಮುಟ್ಟಬ್ಯಾಡ್ರಿ. ನಿಮ್ಮ ಹಿತ್ತಲ ನನಗ ಕೊಡ್ರಿ."

ಸಾವ್ಕಾರರು ಒಪ್ಪಿದರು. ಮುಂದಿನ ಮರನಡೆಗೆ ಮರಗಳು ಹಿತ್ತಲಿನಲ್ಲಿ ನಿಂತರೆ ಗುಡ್ಡ ಹಾಗೇ ಉಳಿಯಬೇಕು, ಇಲ್ಲದಿದ್ದರೆ ಮಾರನೆಯ ದಿನವೇ ನೇಗಿಲು. ಮೇಡಂ ಒಂದು ಸ್ಟೀಲಿನ ಡಬ್ಬಿಯಲ್ಲಿ ಚೀಟಿ ಹಾಕಿ ಎಲ್ಲರ ಮುಂದೆ ಹಿಡಿದರು. ಕೆಲವು ಹಿತ್ತಲುಗಳಲ್ಲಿ ಸಿಮೆಂಟು ಒಡೆದರೆ ಸಾಕು. ಕೆಲವು ಹಿತ್ತಲುಗಳಲ್ಲಿ ಸಿಮೆಂಟು ಒಡೆದು, ತೋಪಿನ ಮಣ್ಣು ಬುಟ್ಟಿಯಷ್ಟು ತಂದು ಬೆರೆಸಿ, ತೊಗರಿ ಅವರೆ ಸಜ್ಜೆ ಎಲ್ಲ ಕಲಸಿ ಬಿತ್ತಿ, ಮೇಲೆ ತರಗೆಲೆ ಹರಡಿ, ವರ್ಷವಿಡೀ ಕಸಬರಿಗೆ ಮುಟ್ಟಿಸಬಾರದು. ಇನ್ನು ಕೆಲವು ಹಿತ್ತಲುಗಳು ಈಗ ಹೇಗಿವೆಯೋ ಹಾಗೇ ಇರಬೇಕು.

"ಚೀಟಿ ಯಾಕ ಬೇಕು? ಮನಸ್ಸಿದ್ದವರು ಮಾಡಲಿ," ಎಂದರು ಯಾರೋ.

"ಮನಸ್ಸಿದ್ದವರಷ್ಟ ಮಾಡಿದ್ರ, ಮರ ಬಂದದ್ದು ಹಿತ್ತಲಕೋ ಮನಿಯವರ ಹುರುಪಿಗೋ ಅನ್ನೂದು ತಿಳಿಯೂದಿಲ್ಲ," ಎಂದರು ಮೇಡಂ.

ಸಾವ್ಕಾರರ ಕೈಗೆ ಹೇಗಿದೆಯೋ ಹಾಗೇ ಎಂಬ ಚೀಟಿ ಬಂತು. "ಏನೂ ಮಾಡದಿದ್ರ ಅದೆಂಥಾ ಸಂಶೋಧನೆ?" ಎಂದು ಅವರು ಹುಬ್ಬು ಗಂಟಿಕ್ಕಿದರು. ಮೇಡಂ ನನ್ನ ಕಡೆ ತಿರುಗಿ, "ಕಸ್ತೂರಕ್ಕ, ಹೊಸಾ ಮಸಾಲಿ ಹಾಕಿ ಒಂದು ಭರಣಿ ಮಾಡೀರಿ ಅಂತ ಇಟ್ಕೋರಿ. ಅದು ಛಲೋ ಬಂತು. ಮಸಾಲಿಯಿಂದ ಬಂತೋ, ಆ ವರ್ಷದ ಕಾಯಿನ ಛಲೋ ಇದ್ದವೋ, ಹೆಂಗ ಹೇಳ್ತೀರಿ?" ಎಂದರು.

"ಹಳೇ ಮಸಾಲಿದೂ ಒಂದು ಭರಣಿ ಬಾಜೂಕ ಇಟ್ಟಿರಬೇಕಾಗತೈತಿ," ಎಂದೆ.

"ಸಾವ್ಕಾರ್ರು ನಮ್ಮ ಹಳೇ ಮಸಾಲಿ ಭರಣಿ ನೋಡ್ರಿ," ಎಂದರು ಮೇಡಂ. ಸಭೆಯೆಲ್ಲ ನಕ್ಕಿತು. ಸಾವ್ಕಾರರು ತಡೆದುಕೊಳ್ಳಲು ನೋಡಿದರು, ಹೊಟ್ಟೆ ಕೇಳಲಿಲ್ಲ.

ನನ್ನ ಚೀಟಿಯಲ್ಲಿ ಬಂದದ್ದು ಕಸಬರಿಗೆ ಮುಟ್ಟಿಸಬಾರದು ಎಂಬುದು. ಅದನ್ನು ಮನೆಗೆ ಬಂದು ಅತ್ತೆಯವರಿಗೆ ಹೇಳುವುದಕ್ಕಿಂತ ಗುಡ್ಡವನ್ನು ನಾನೊಬ್ಬಳೇ ಉಳುವುದು ಸುಲಭವಿತ್ತು.

"ಗುಡಸಬಾರದು ಅಂದ್ರ?" ಎಂದರು ಅತ್ತೆ.

"ಗುಡಸಬಾರದ್ರಿ ಅತ್ತಿ. ಒಂದು ವರ್ಷ."

"ಮುಂಜಾನಿ ಎದ್ದು ಏನು ಮಾಡಬೇಕು ಹಂಗಾರ? ಹಾಸಿಗಿ ಮ್ಯಾಲ ಕುಂತು ಗ್ವಾಡಿ ನೋಡ್ಲೇನು?"

ಗಂಡ ಹಾರೆ ತಂದು ಸಿಮೆಂಟು ಒಡೆದ. ಒಂದೊಂದು ಏಟಿಗೂ ಅತ್ತೆ ತಮ್ಮ ಮೈಗೇ ಬಿದ್ದ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೆಳಗಿನ ಮಣ್ಣು ಬೆಳ್ಳಗೆ, ಗಟ್ಟಿಯಾಗಿ, ವಾಸನೆಯೇ ಇಲ್ಲದೆ ಮಲಗಿತ್ತು. ತೋಪಿನಿಂದ ಕಪ್ಪು ಮಣ್ಣು ತಂದು ಬೆರೆಸಿದೆವು, ಬೀಜ ಚೆಲ್ಲಿದೆವು, ತರಗೆಲೆ ಹರಡಿದೆವು. ಇಡೀ ಊರಿನಲ್ಲೇ ಚೊಕ್ಕಟವೆಂದು ಹೆಸರಾಗಿದ್ದ ನಮ್ಮ ಹಿತ್ತಲು ಒಂದು ವಾರದಲ್ಲಿ ತಲೆ ಬಾಚದೆ ಎದ್ದು ಬಂದವರ ಹಾಗೆ ಕಾಣಿಸಿತು.

ಮೊದಲ ತಿಂಗಳುಗಳು ಕಷ್ಟದವು. ಹಿತ್ತಲು ಹೀಗಿದ್ದ ಮೇಲೆ ಅಡುಗೆಮನೆ ಹೇಗಿದ್ದೀತು ಎಂದು ಗಿರಾಕಿಗಳು ಒಬ್ಬೊಬ್ಬರೇ ಹಿಂದೆ ಸರಿದರು. ಭರಣಿಗಳು ಮುಚ್ಚಳ ತೆಗೆಯದೆ ಸಾಲಾಗಿ ಕೂತವು. ಅತ್ತೆಗೆ ನಿಜವಾಗಿಯೂ ಕೈ ತುರಿಸಿ ಬೊಬ್ಬೆ ಬಂದವು. ಒಂದು ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಕಸಬರಿಗೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹಿತ್ತಲ ಬಾಗಿಲಲ್ಲಿ ಕಳ್ಳಿಯಂತೆ ನಿಂತಿದ್ದಾರೆ. ನನಗೂ ಸಾಕಾಗಿಹೋಗಿತ್ತು. ಅವರ ಕೈಯಿಂದ ಕಸಬರಿಗೆ ಕಿತ್ತುಕೊಂಡು, ಗುಡಿಸಿಯೇಬಿಡೋಣ ಎಂದು ನಾನೇ ಹಿತ್ತಲಿಗೆ ಇಳಿದೆ. ಬೇಲಿಯಾಚೆ ಶಮೀನಾ ಮೇಡಂ ಹಲ್ಲುಜ್ಜುತ್ತ ನಿಂತಿದ್ದರು.

"ಮೇಡಂ, ಒಂದು ಮಾತು ಹೇಳಿಬಿಡ್ರಿ," ಎಂದೆ. "ಮರ ಬರ್ತಾವೋ ಇಲ್ಲೋ?"

ಅವರು ಬಾಯಿ ಮುಕ್ಕಳಿಸಿ ಬೇಲಿಯ ಹತ್ತಿರ ಬಂದರು. "ಗೊತ್ತಿಲ್ಲ ಅಕ್ಕ. ಗೊತ್ತಿದ್ದರ ಪರೀಕ್ಷೆ ಯಾಕ ಮಾಡ್ತಿದ್ದೆ? ಬರದಿದ್ರೂ ಬರಲಿಲ್ಲ ಅಂತ ಎಲ್ಲಾರ ಮುಂದ ಹೇಳಬೇಕಾಗ್ತದ. ನಿಮಗ ಆಗವಲ್ಲದು ಅಂದ್ರ ಗುಡಿಸ್ರಿ. ಗುಡಿಸಿದ್ರು ಅಂತನೂ ಹೇಳ್ತೀನಿ. ನಿಮ್ಮ ಮ್ಯಾಲ ಸಿಟ್ಟಿಲ್ಲ."

ನನ್ನ ಜೀವಮಾನದಲ್ಲಿ ಕಲಿತವರೊಬ್ಬರು ಇಷ್ಟು ನಿರಾಳವಾಗಿ ಗೊತ್ತಿಲ್ಲ ಎಂದದ್ದನ್ನು ಕೇಳಿರಲಿಲ್ಲ. ಡಾಕ್ಟರು, ಜ್ಯೋತಿಷಿ, ಸಾವ್ಕಾರರು, ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ. ಅದೇಕೋ ಎದೆ ಹಗುರವಾಯಿತು. ಗೊತ್ತಿಲ್ಲದ ಕಡೆಗೆ ಇಬ್ಬರೂ ಜೊತೆಯಾಗಿ ಹೊರಟಿದ್ದೇವೆ ಎನ್ನಿಸಿತು. ಕಸಬರಿಗೆಯನ್ನು ಅತ್ತೆಯ ಕೈಗೆ ವಾಪಸ್ಸು ಕೊಟ್ಟು, "ಹಿತ್ತಲ ಬಿಟ್ಟು ಎಲ್ಲಿ ಬೇಕಾದರೂ ಗುಡಿಸ್ರಿ," ಎಂದೆ.

ಆ ಮಾತು ಹೇಳಿದ್ದೇ ಊರಿನ ಪಾಲಿಗೆ ಒಂದು ಘಟನೆಯಾಯಿತು. ಅತ್ತೆ ಅವತ್ತು ನಮ್ಮ ಬಾಗಿಲ ಮುಂದಿನ ರಸ್ತೆ ಗುಡಿಸಿದರು. ಮರುದಿನ ಓಣಿ ಗುಡಿಸಿದರು. ಆ ವಾರದಲ್ಲಿ ಬಸ್ ನಿಲ್ದಾಣದವರೆಗೆ ಮುಟ್ಟಿದರು. ಗುಡಿಸಿದ ಎಲೆ, ಹೊಟ್ಟು, ಹೂವಿನಂಗಡಿಯ ಬಾಡಿದ ಹೂವು ಎಲ್ಲವನ್ನೂ ಬುಟ್ಟಿ ತುಂಬಿ ತಂದು ನಮ್ಮ ಹಿತ್ತಲಿಗೆ ಸುರಿದರು. ಯಾರಾದರೂ ಎಲೆ ಸುಡಲು ಕಡ್ಡಿ ಗೀರಿದರೆ ಎಲ್ಲಿಂದಲೋ ಪ್ರತ್ಯಕ್ಷರಾಗಿ, "ಸುಡಬ್ಯಾಡ, ಸುಡಬ್ಯಾಡ, ನಮ್ಮ ಮನಿಗಿ ಕೊಡು," ಎಂದು ಕಸಿದುಕೊಂಡು ಬರುತ್ತಿದ್ದರು. ತರಗೆಲೆಯ ಕೆಳಗೆ ಬೆಳ್ಳಗೆ ನೂಲಿನಂಥದ್ದು ಹರಡಿಕೊಂಡಾಗ, "ಅಯ್ಯ, ನೆಲದಾಗ ಯಾರೋ ಶ್ಯಾವಿಗಿ ಹೊಸದಾರ," ಎಂದು ಕೂಗಿ ಓಣಿಯವರನ್ನೆಲ್ಲ ಸೇರಿಸಿದರು. ಅದು ಅಣಬೆಯ ಜಾತಿಯದು, ಮರದ ಬೇರಿಗೆ ನೀರು ಮುಟ್ಟಿಸುತ್ತದೆ, ಒಂದು ಗಿಡದ ಸುದ್ದಿ ಇನ್ನೊಂದು ಗಿಡಕ್ಕೆ ಒಯ್ಯುತ್ತದೆ ಎಂದು ಮೇಡಂ ವಿವರಿಸಿದಾಗ ಅತ್ತೆಗೆ ಅದು ಬಹಳ ಹಿಡಿಸಿತು. ಸುದ್ದಿ ಒಯ್ಯುವ ಕೆಲಸದ ಬೆಲೆ ಅವರಿಗೆ ಗೊತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ನೀರಾಟ ಶುರುವಾಯಿತು. ಮೇಡಂ ಹತ್ತಿರ ತಳವಿಲ್ಲದ ಒಂದು ಕಬ್ಬಿಣದ ಬಳೆ ಇತ್ತು, ಕೊಳಗದಷ್ಟು ಅಗಲ. ಅದನ್ನು ನೆಲಕ್ಕೆ ಊರಿ, ಒಳಗೆ ತಂಬಿಗೆ ನೀರು ಸುರಿದು, ಮಣ್ಣು ಅದನ್ನು ಎಷ್ಟು ಹೊತ್ತಿನಲ್ಲಿ ಕುಡಿಯುತ್ತದೆ ಎಂದು ಗಡಿಯಾರ ಹಿಡಿದು ನೋಡುವುದು. ಮೊದಲ ಸಲ ನಾವು ನಾಲ್ಕು ಜನ ನೋಡಿದೆವು. ಎರಡನೇ ಸಲಕ್ಕೆ ಓಣಿ ನೆರೆಯಿತು. ಆಮೇಲೆ ಅದು ಊರಿನ ಆಟವೇ ಆಯಿತು. ಯಾರ ಹಿತ್ತಲು ಬೇಗ ಕುಡಿಯುತ್ತದೆ ಎಂದು ಜನ ಪಂಥ ಕಟ್ಟತೊಡಗಿದರು, ಸೋತವರು ಗೆದ್ದವರ ಮನೆಗೆ ಮಿರ್ಚಿ ಭಜಿ ಕೊಡಿಸಬೇಕು. ಗಟ್ಟಿ ನೆಲದಲ್ಲಿ ನೀರು ಕನ್ನಡಿಯಂತೆ ನಿಂತು ಆಕಾಶ ತೋರಿಸುತ್ತಿದ್ದರೆ ನಮ್ಮ ಹಿತ್ತಲಿನಲ್ಲಿ ಗಟಗಟನೆ ಇಳಿದುಬಿಡುತ್ತಿತ್ತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ಇನ್ನೊಂದು ತಂಬಿಗಿ ಹಾಕ್ರಿ, ಅದಕ್ಕಿನ್ನೂ ನೀರಡಿಕಿ ಹೋಗಿಲ್ಲ," ಎನ್ನುತ್ತಿದ್ದರು. ಹೊಲದವರೂ ಬಂದರು. ಜೋಳದ ಸಾಲಿನ ನಡುವೆ ತೊಗರಿ ಹಾಕಿ, ಕೂಳೆ ಸುಡದೆ ಬಿಟ್ಟಿದ್ದವನ ಹೊಲ ಸುಟ್ಟವನ ಹೊಲಕ್ಕಿಂತ ಮೊದಲು ನೀರು ಕುಡಿದಾಗ ಸುಟ್ಟವನು ಭಜಿ ಕೊಡಿಸಿ, ಮರುದಿನ ಅದೇ ಬಳೆಯನ್ನು ಕೇಳಿಕೊಂಡು ಒಯ್ದು ತನ್ನ ಹೊಲದ ಮೂಲೆ ಮೂಲೆಯಲ್ಲೂ ಊರಿ ನೋಡಿದ.

ಒಂದು ಭಾನುವಾರ ಬಸ್ಸು ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು, ನೀಲಗಿರಿ ಹಚ್ಚಿದ ಇನ್ನೊಂದು ಊರಿನ ಗುಡ್ಡಕ್ಕೂ ಹೋದೆವು. ಸಾವ್ಕಾರರು ಮುಂದಿನ ಸೀಟಿನಲ್ಲಿ ಕೂತಿದ್ದರು. ಮರಗಳು ಪೊಲೀಸರಂತೆ ಸಾಲಾಗಿ ನಿಂತಿದ್ದವು. ಸಾವ್ಕಾರರ ಮುಖ ಅರಳಿತು. ಮೇಡಂ ಬಳೆ ಊರಿ ನೀರು ಸುರಿದರು. ನಾವು ಬುತ್ತಿ ಬಿಚ್ಚಿ ರೊಟ್ಟಿ ತಿಂದೆವು, ಕೈ ತೊಳೆದೆವು, ಅತ್ತೆ ಎಲೆ ಅಡಿಕೆ ಹಾಕಿಕೊಂಡರು. ನೀರು ಇನ್ನೂ ಅಲ್ಲೇ ಇತ್ತು. ಗುಡ್ಡದ ಬುಡದಲ್ಲಿ ಒಂದು ಕಾಲಕ್ಕೆ ಒರತೆ ಇತ್ತಂತೆ, ಈಗ ಬರೀ ಕಲ್ಲು. ಮರುದಿನ ನಮ್ಮ ಗುಡ್ಡದ ಹುಲ್ಲಿನ ನಡುವೆ ಅದೇ ಬಳೆ ಊರಿ ನೀರು ಹಾಕಿದಾಗ, ತಂಬಿಗೆ ಕೆಳಗಿಡುವಷ್ಟರಲ್ಲಿ ನೀರು ಕಾಣಿಸಲಿಲ್ಲ. ಹುಲ್ಲಿನಿಂದ ಒಂದು ಮೊಲ ಎದ್ದು ಸಾವ್ಕಾರರ ಕಾಲ ಸಂದಿಯಲ್ಲಿ ಓಡಿಹೋಯಿತು. "ಖಾಲಿ ಗುಡ್ಡ," ಎಂದರು ಅತ್ತೆ ಯಾರಿಗೂ ಅಲ್ಲವೆಂಬಂತೆ. ಸಾವ್ಕಾರರು ಮೊಲ ಹೋದ ದಿಕ್ಕನ್ನೇ ನೋಡಿದರು. ಆದರೆ ಮಾತು ಮಾತೇ, ಮರ ನಿಲ್ಲಬೇಕು.

ಬೇಸಗೆ ಕಳೆಯಿತು. ಮುಂಗಾರಿನ ಮೊದಲ ದೊಡ್ಡ ಮಳೆ ಮಧ್ಯಾಹ್ನ ಶುರುವಾಗಿ ಸಂಜೆಯವರೆಗೆ ಹೊಯ್ಯಿತು. ಸಿಮೆಂಟಿನ ಹಿತ್ತಲುಗಳಿಂದ ನೀರು ಗೇಟು ದಾಟಿ ಓಣಿಗೆ ನುಗ್ಗಿತು. ನಮ್ಮ ಗೇಟಿನಿಂದ ಒಂದು ಹನಿ ಹೊರಗೆ ಬರಲಿಲ್ಲ.

ಮಾರನೆಯ ದಿನ ಊರೆಲ್ಲ ಮಾಳಿಗೆಯ ಮೇಲಿತ್ತು. ಹಳ್ಳದ ಆಚೆ ತೋಪು ಅಲ್ಲಾಡಿತು. ಮೊದಲು ನುಗ್ಗೆಗಳು ಬಂದವು, ಅವಕ್ಕೆ ಯಾವಾಗಲೂ ಅವಸರ. ಆಮೇಲೆ ನೆಲ್ಲಿ, ಬೇವು, ನೇರಳೆ, ಹೊಂಗೆ, ಒಂದು ಅತ್ತಿ, ಹಿಂದೆ ಹುಣಸೆಗಳು ಕೊಂಬೆ ಬೀಸುತ್ತ, ಹಕ್ಕಿಗಳು ಗೂಡು ಬಿಡದೆ ಮೇಲೆ ಕೂತು ಸವಾರಿ ಮಾಡುತ್ತ. ನಾನು ಕೊಡ ಹಿಡಿದು ಗೇಟಿನ ಪಕ್ಕ ನಿಂತೆ. ಮೇಡಂ ನಮ್ಮ ಮಾಳಿಗೆಯ ಮೇಲೆ ಉಗುರು ಕಚ್ಚುತ್ತಿದ್ದರು.

ಮರಗಳು ಮೊದಲ ಸಿಮೆಂಟಿನ ಹಿತ್ತಲು ದಾಟಿದವು. ಎರಡನೆಯದನ್ನೂ ದಾಟಿದವು. ಬರೀ ಸಿಮೆಂಟು ಒಡೆದಿದ್ದ ಒಂದು ಹಿತ್ತಲಿಗೆ ಒಂದು ಬೇವು ಒಳಹೊಕ್ಕು, ಬೇರಿನ ತುದಿಯಿಂದ ನೆಲ ಕೆದರಿ ನೋಡಿ, ಯೋಚಿಸಿ, ನಿಂತಿತು. ನಮ್ಮ ಗೇಟಿಗೆ ಮೊದಲು ಬಂದದ್ದು ನೆಲ್ಲಿ. ಒಂದು ಬೇರು ಒಳಗಿಟ್ಟಿತು. ತರಗೆಲೆಯ ಮೇಲೆ ಅದು ಮೆತ್ತಗೆ ಇಳಿಯಿತು. ನೆಲ್ಲಿ ಮೈಯೆಲ್ಲ ಒಮ್ಮೆ ಜುಮ್ಮೆನ್ನಿಸಿಕೊಂಡು ಹಿಂದಿನ ದಿನದ ಮಳೆಹನಿಗಳನ್ನು ನನ್ನ ತಲೆಯ ಮೇಲೆ ಸುರಿಯಿತು, ಒಳಗೆ ಬಂತು. ನಾನು ನೀರು ಹಾಕಿ ಪಕ್ಕಕ್ಕೆ ಸರಿಯುವಷ್ಟರಲ್ಲಿ ಹಿಂದೆ ನೇರಳೆ. ಅದರ ಹಿಂದೆ ಹೊಂಗೆ. ಅತ್ತಿ ಮರವಂತೂ ಗೇಟಿನ ಕಂಬವನ್ನು ತನ್ನ ಜೊತೆಗೇ ಒಳಗೆ ತಂದಿತು. ಎರಡು ನುಗ್ಗೆಗಳು ಬಚ್ಚಲಿನ ಹತ್ತಿರ ತೂರಿಕೊಂಡವು. ಕೊಡದಲ್ಲಿ ನೀರು ಮುಗಿಯಿತು, ಗಂಡ ಬಾವಿಯಿಂದ ಸೇದಿ ಸೇದಿ ಕೊಟ್ಟ. ಬೇರುಗಳು ಹಿತ್ತಲಿನಲ್ಲಿ ಹಾಕಿದ್ದ ಅತ್ತೆಯ ಮಂಚದ ಕೆಳಗೆ ಹಾದಾಗ ಮಂಚ ಮೇಲೆದ್ದಿತು. ಅತ್ತೆ ಅದರ ಮೇಲೆ ಕೂತೇ ಬಾಗಿಲಿನ ಎತ್ತರಕ್ಕೆ ಏರಿ, "ಸಾವಕಾಶ, ಸಾವಕಾಶ, ಎಲ್ಲಾರಿಗೂ ಜಾಗ ಐತಿ," ಎನ್ನುತ್ತಿದ್ದರು. ಅತ್ತಿ ಮರ ಅಡುಗೆಮನೆಯ ಬಾಗಿಲಿಗೆ ಒತ್ತಿಕೊಂಡು ನಿಂತಿತು. ಆಗ ನನ್ನ ಗಂಡ, ವರ್ಷಕ್ಕೊಂದು ಮಾತಾಡುವವನು, ಹಗ್ಗ ಕೈಯಲ್ಲಿ ಹಿಡಿದುಕೊಂಡೇ ಹೇಳಿದ: "ಒಳಗೊಂದು ಅತ್ತಿ, ಹೊರಗೊಂದು ಅತ್ತಿ. ನಿನ್ನ ಗತಿ ಮುಗೀತು ಕಸ್ತೂರಿ." ನಾನು ನಗುತ್ತ ಕೆಸರಿನಲ್ಲಿ ಕೂತುಬಿಟ್ಟೆ. ಮಾಳಿಗೆಯ ಮೇಲೆ ಶಮೀನಾ ಮೇಡಂ ಕುಣಿಯುತ್ತಿದ್ದರು, ನಿಜವಾಗಿಯೂ ಕುಣಿಯುತ್ತಿದ್ದರು, ಎರಡೂ ಕೈ ಮೇಲೆತ್ತಿಕೊಂಡು.

ತರಗೆಲೆ ಹಾಸಿದ್ದ ಹಿತ್ತಲುಗಳಲ್ಲೆಲ್ಲ ಅದೇ ಗಲಾಟೆ. ಬರೀ ಒಡೆದ ಹಿತ್ತಲುಗಳಲ್ಲಿ ಅಲ್ಲೊಂದು ಇಲ್ಲೊಂದು. ಹೇಗಿದ್ದವೋ ಹಾಗೇ ಇದ್ದ ಹಿತ್ತಲುಗಳಲ್ಲಿ ಒಂದೂ ಇಲ್ಲ.

ಹೊತ್ತು ಇಳಿಯುತ್ತಿದ್ದಾಗ ಸಾವ್ಕಾರರ ನೆನಪಾಯಿತು. ಬಚ್ಚಲಿನ ಗೋಡೆ ಹತ್ತಿ ಹೊರಗೆ ಬಂದು ಅವರ ಮನೆಯ ಕಡೆ ಹೋದೆ. ಮೇಡಂ ಆಗಲೇ ಅಲ್ಲಿದ್ದರು. ಸಾವ್ಕಾರರು ಗೇಟಿನಲ್ಲಿ ತುಂಬಿದ ಕೊಡ ಹಿಡಿದು ನಿಂತಿದ್ದರು. ಅವರ ಹುಣಸೆ ಮರ ಆ ಹೊತ್ತಿಗೆ ಮುಂದಿನ ಓಣಿಯ ದರ್ಜಿಯ ಹಿತ್ತಲು ಸೇರಿಯಾಗಿತ್ತು. ಓಣಿ ಖಾಲಿಯಿತ್ತು. ಅವರ ಹಿಂದೆ ಅಷ್ಟಗಲ ನುಣುಪು ಸಿಮೆಂಟು ಸಂಜೆಯ ಬಿಸಿಲಿಗೆ ಹೊಳೆಯುತ್ತಿತ್ತು. ಚೀಟಿಯಲ್ಲಿ ಬಂದದ್ದನ್ನು ಅವರು ಒಂದು ದಿನವೂ ಮುರಿದಿರಲಿಲ್ಲ.

"ಮೇಡಂ," ಎಂದರು. ಅಷ್ಟು ಸಣ್ಣ ದನಿಯನ್ನು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ. "ವರ್ಷ ಮುಗೀತಲ್ರಿ?"

"ಮುಗೀತ್ರಿ ಸಾವ್ಕಾರ್ರ."

"ಹಂಗಾರ ಇನ್ನ ಒಡೀಬಹುದಲ್ಲ?"

"ಒಡೀರಿ," ಎಂದರು ಮೇಡಂ. "ನೀವು ಹಂಗ ಇಟ್ಟುಕೊಂಡಿದ್ದಕ್ಕ ನಮಗ ಖಾತ್ರಿ ಆತು."

ಸಾವ್ಕಾರರು ಕೊಡ ಕೆಳಗಿಟ್ಟು, ಅಂಗಿಯ ತೋಳು ಮಡಚಿ, ಒಳಗೆ ಹೋಗಿ ಹಾರೆ ತಂದರು. ಆಳುಗಳು ಓಡಿ ಬಂದರೆ ಬೇಡ ಎಂದು ಕೈ ಮಾಡಿದರು. ಗೇಟಿನ ಬಾಯಲ್ಲೇ ಮೊದಲ ಏಟು ಹಾಕಿದರು. ಸಿಮೆಂಟು ಕಿಡಿ ಹಾರಿಸಿತು. ಎರಡನೆಯ ಏಟಿಗೆ ಬಿರುಕು ಬಿಟ್ಟಿತು. ಉಸಿರು ಕಟ್ಟಿ, ಬೆವರು ಸುರಿದು, ಆ ದೊಡ್ಡ ಮನುಷ್ಯ ಬುಟ್ಟಿಯಗಲದ ಮಣ್ಣು ತೆರೆಯುವ ಹೊತ್ತಿಗೆ ಓಣಿಯ ತುದಿಯಲ್ಲಿ ಏನೋ ಸರಪರ ಸದ್ದಾಯಿತು. ಎಲ್ಲರಿಗಿಂತ ಹಿಂದೆ ಉಳಿದ ಒಂದು ಬಾರಿ ಗಿಡ, ಅಂದರೆ ಬೋರೆ ಹಣ್ಣಿನ ಗಿಡ. ಗಿಡ್ಡ, ಸೊಟ್ಟ, ಮೈತುಂಬ ಮುಳ್ಳು. ಯಾವ ಹಿತ್ತಲಿನವರೂ ಬಯಸದ ಜಾತಿ. ಕುಂಟುತ್ತ ಬಂದು, ಗೇಟಿನ ಹತ್ತಿರ ನಿಂತು, ಸಾವ್ಕಾರರು ತೆರೆದಿದ್ದ ಆ ಚೂರು ಮಣ್ಣಿಗೆ ಒಂದು ಬೇರು ಇಳಿಸಿತು. ಇನ್ನೊಂದನ್ನೂ ಇಳಿಸಿತು. ಹೊತ್ತು ಮುಳುಗಿತು.

ಸಾವ್ಕಾರರು ಕೊಡ ಎತ್ತಿ ನೀರು ಹಾಕಿದರು. ಅವಸರದಲ್ಲಿ ಅರ್ಧ ಅವರ ಕಾಲಿನ ಮೇಲೇ ಬಿತ್ತು.

ಬಾರಿ ಗಿಡ ನಿಂತದ್ದು ಸರಿಯಾಗಿ ಗೇಟಿನ ನಡುವೆ. ಆ ವರ್ಷವೆಲ್ಲ ಸಾವ್ಕಾರರ ಗೇಟು ಮುಚ್ಚಲೂ ಆಗಲಿಲ್ಲ, ಪೂರ್ತಿ ತೆಗೆಯಲೂ ಆಗಲಿಲ್ಲ. ಮರುದಿನ ಪುರಸಭೆಗೆ ಅವರು ಹರಿದ ತೋಳಿನ ಅಂಗಿಯಲ್ಲಿ, ಕೈಮೇಲೆಲ್ಲ ಗೀರಿಸಿಕೊಂಡು ಬಂದರು. ನೀಲಗಿರಿಯ ಮಾತನ್ನು ತಾವೇ ಎತ್ತಿ ತಾವೇ ಕೈಬಿಟ್ಟರು. ಗುಡ್ಡವನ್ನು ಯಾರೂ ಉಳಬಾರದು, ಊರ ಸಿಮೆಂಟೆಲ್ಲ ಒಡೆಯಬೇಕು ಎಂದು ಮೊದಲಿನ ದೊಡ್ಡ ದನಿಯಲ್ಲೇ ಹೇಳಿದರು. ಮಾತಿನ ನಡುವೆ ಗೀರುಗಳನ್ನು ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡಿದ್ದರು. ನನ್ನ ಗಿರಾಕಿಗಳೂ ತಿರುಗಿ ಬಂದರು. ಅಡುಗೆಮನೆಯ ಬಾಗಿಲು ತೆರೆಯದ್ದರಿಂದ ಕಿಟಕಿಯಲ್ಲೇ ವ್ಯಾಪಾರ ಮಾಡಿದೆ.

ಚಳಿ ಬಿದ್ದ ಮೇಲೆ ಒಂದು ಮುಂಜಾನೆ ಅದೇ ಕಿಟಕಿಗೆ ಸಾವ್ಕಾರರು ಬಂದರು. ಜೊತೆಗೆ ಆಳಿರಲಿಲ್ಲ. ಟವೆಲ್ಲಿನ ಗಂಟೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮೊಮ್ಮಗುವನ್ನು ತೋರಿಸುವವರ ಹಾಗೆ ನಿಧಾನಕ್ಕೆ ಬಿಚ್ಚಿದರು. ಬಾರಿ ಹಣ್ಣು. ಕಡಲೆಗಿಂತ ಸ್ವಲ್ಪ ದೊಡ್ಡವು, ಅರ್ಧಕ್ಕರ್ಧ ತೂತು ಬಿದ್ದಿದ್ದವು.

"ಇದರದು ಏನಾರ ಹಾಕಾಕ ಬರತೈತೇನವಾ ಕಸ್ತೂರೆವ್ವ? ಹುಳ ಹತ್ಯಾವ ಅನಸತೈತಿ," ಎಂದರು, ಬೇಡ ಎಂದುಬಿಟ್ಟಾಳೇನೋ ಎಂಬ ಅಂಜಿಕೆಯಲ್ಲಿ.

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಗಲ ಮೇಲಿಂದ ಅತ್ತೆ ಕತ್ತು ಚಾಚಿದರು. "ಹುಳಾನೂ ನಿಮ್ಮ ಮನಿಗಿ ಬಂದ ಬೀಗರು, ಸಾವ್ಕಾರ್ರ. ಉಂಡು ಹೋಗಲಿ ಬಿಡ್ರಿ. ಮೊದಲ ನೀವೊಂದು ತಿಂದು ನೋಡೀರೋ ಇಲ್ಲೋ?"

ತಿಂದಿರಲಿಲ್ಲವಂತೆ. ಎಲ್ಲವನ್ನೂ ಹಾಗೇ ಕಟ್ಟಿಕೊಂಡು ಬಂದಿದ್ದರು. ಗಂಟಿನಲ್ಲಿ ಕೈಯಾಡಿಸಿ ಎಲ್ಲಕ್ಕಿಂತ ಕೆಂಪಗಿನದೊಂದನ್ನು ಆರಿಸಿ ಬಾಯಿಗೆ ಹಾಕಿಕೊಂಡರು. ಎಂಥ ಹುಳಿಯೋ, ಕಣ್ಣು ಮುಚ್ಚಿದವು, ಕಿವಿ ಕೆಂಪಾದವು, ಮೀಸೆ ಮೂಗಿನವರೆಗೆ ಹೋಯಿತು. ಒಂದು ಕ್ಷಣ ಉಸಿರು ಬಿಡದೆ ನಿಂತಿದ್ದು, ಬೀಜವನ್ನು ಅಂಗೈಗೆ ಉಗುಳಿ, ಅದನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡು, ಇನ್ನೊಂದಕ್ಕೆ ಕೈ ಹಾಕಿದರು.